ಲಾಯಿತಪ್ಪನ ಜೀವನಚರಿತ್ರೆ

ನನ್ನ ತಂಗಿಯ ಮಗಳು ಐದನೇ ಕ್ಲಾಸು. ಮೊನ್ನೆ ಶಾಲೆಯಿಂದ ತಂದ ಅಂಗೈ ಅಗಲದ ಪುಸ್ತಕವೊಂದನ್ನು ಬಾವುಟದ ಹಾಗೆ ಎತ್ತಿ ಹಿಡಿದುಕೊಂಡು ಜಗುಲಿಗೆ ಓಡಿಬಂದಳು. ‘ಮಾವ, ನಮ್ಮೂರ ಹೆಸ್ರು ಬುಕ್ಕಲ್ಲಿ ಬಂದದ!’

ಉಮ್ಮತ್ತೂರಿನವರಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮೂರಿನ ಹೆಸರು ಸಾಮಾನ್ಯವಾಗಿ ಅಚ್ಚಾಗುವುದು ಬಸ್ಸಿನ ಬೋರ್ಡಿನಲ್ಲಿ, ಮದುವೆ ಕಾಗದದಲ್ಲಿ, ತಿಥಿ ಕಾರ್ಡಿನಲ್ಲಿ. ಪುಸ್ತಕದಲ್ಲಿ ಬಂದಿದೆ ಎಂದರೆ ನಾನೂ ಕನ್ನಡಕ ಹುಡುಕಿದೆ. ಅದು ಕೃಷ್ಣದೇವರಾಯನ ಕುರಿತು ಮಕ್ಕಳಿಗಾಗಿ ಬರೆದ ಜೀವನಚರಿತ್ರೆ. ನಡುವಿನ ಒಂದು ಪುಟದಲ್ಲಿ, ಉಮ್ಮತ್ತೂರಿನ ಪಾಳೇಗಾರ ಗಂಗರಾಜನ ದಂಗೆಯನ್ನು ಅಡಗಿಸಲಾಯಿತು, ಅವನು ಸತ್ತನು ಎಂಬರ್ಥದ ಒಂದೇ ಒಂದು ಸಾಲು. ಮುಂದಿನ ಸಾಲಿಗಾಗಲೇ ಸೈನ್ಯ ಕಳಿಂಗಕ್ಕೆ ಹೊರಟಿತ್ತು. ಒಂದು ಪೂರ್ಣವಿರಾಮದಷ್ಟು ಹೊತ್ತೂ ಅದು ನಮ್ಮೂರಲ್ಲಿ ತಂಗಿರಲಿಲ್ಲ.

ಹುಡುಗಿಯ ಮುಖ ಸಣ್ಣಗಾಯಿತು. ‘ಅದ್ಯಾಕ ಮಾವ, ನಮ್ಮೂರ್ನವ್ರು ಸೋಲಕ್ಕೇ ಹುಟ್ಟಿದ್ರಾ?’

‘ಸೋಲಿಸಿದ್ದು ಯಾರು ಅಂತ ಬರೆದಿದೆಯಾ, ನೋಡು’ ಅಂದೆ. ಬೆರಳಿಟ್ಟು ಓದಿದಳು. ಇರಲಿಲ್ಲ. ‘ಲಾಯಿತು ಅಂತ ಅದ. ಲಾಯಿತು ಅಂದ್ರ ಯಾರು?’

ಐವತ್ತು ವರ್ಷದಿಂದ ಕನ್ನಡ ಓದುತ್ತಿರುವ ನನಗೆ ಹೊಳೆಯದ ಪ್ರಶ್ನೆ ಇದು. ಅಂದಿನಿಂದ ನಾನು ಈ ಲಾಯಿತಪ್ಪನ ಬೆನ್ನು ಬಿದ್ದಿದ್ದೇನೆ. ಮಕ್ಕಳ ಜೀವನಚರಿತ್ರೆಗಳಲ್ಲಿ ಇವನಷ್ಟು ದುಡಿದವರು ಇನ್ನೊಬ್ಬರಿಲ್ಲ. ಕೊಲೆ ಇವನದು, ಲೂಟಿ ಇವನದು, ಹಳ್ಳಿ ಮುಳುಗಿಸಿದವನು ಇವನು, ಬಾಯಾರಿದವರಿಗೆ ನೀರು ಕೊಡದವನೂ ಇವನೇ. ಕೋಟೆ ಹಿಡಿಯಲಾಯಿತು, ಕಣ್ಣು ಕೀಳಿಸಲಾಯಿತು, ಪ್ರವೇಶ ನಿರಾಕರಿಸಲಾಯಿತು. ಒಳ್ಳೆಯ ಕೆಲಸ ಬಂದ ತಕ್ಷಣ ಮಾತ್ರ ಲಾಯಿತಪ್ಪ ಹೊರಗೆ ಹೋಗಿ ಬೀಡಿ ಹಚ್ಚುತ್ತಾನೆ. ಕೆರೆ ಕಟ್ಟಿಸಿದರು, ದಾನ ಕೊಟ್ಟರು, ಉದ್ಧಾರ ಮಾಡಿದರು ಎಂಬಲ್ಲೆಲ್ಲ ಕರ್ತೃ ಮೀಸೆ ತಿರುವಿಕೊಂಡು ಮುಂದೆಯೇ ನಿಂತಿರುತ್ತಾನೆ.

ನಮ್ಮ ಅಜ್ಜಿಯರ ಬಾಯಲ್ಲಿ ಈ ಲಾಯಿತಪ್ಪ ಇರಲಿಲ್ಲ. ಹುಲಿ ತಿಂತು ಅನ್ನುತ್ತಿದ್ದರೇ ಹೊರತು ‘ಹುಲಿಯಿಂದ ತಿನ್ನಲಾಯಿತು’ ಎಂದು ಗುಂಡ್ಲುಪೇಟೆ ಸೀಮೆಯ ಯಾವ ಅಜ್ಜಿಯೂ ಅಂದದ್ದಿಲ್ಲ. ಬಂಡೀಪುರದ ಪಕ್ಕದಲ್ಲಿ ದನ ಕಟ್ಟಿಕೊಂಡಿರುವವರಿಗೆ ಯಾರು ತಿಂದರು ಎನ್ನುವುದೇ ಮುಖ್ಯ ವಿಷಯ.

ಇರಲಿ, ಗಂಗರಾಜನ ವಿಚಾರಕ್ಕೆ ಬರೋಣ. ಹುಡುಗಿಯ ಪುಸ್ತಕದಲ್ಲಿ ಜಾಗ ಸಿಗದವನಿಗೆ ಇಲ್ಲಾದರೂ ಸಿಗಲಿ.

ಈಗ ಸಂತೇಮರಹಳ್ಳಿ ಕಡೆಯ ಒಂದು ಹಳ್ಳಿಯಾಗಿ ಕಾಣುವ ಉಮ್ಮತ್ತೂರು ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಒಂದು ರಾಜ್ಯದ ಹೆಸರು. ನಂಜರಾಜ ಒಡೆಯ, ಚಿಕ್ಕರಾಯ ಎಂಬ ಹೆಸರುಗಳು ಈ ಸುತ್ತಿನ ಶಾಸನಗಳಲ್ಲಿ ಸಿಗುತ್ತವೆ. ತೆರಕಣಾಂಬಿ ಇವರದು, ಶಿವನಸಮುದ್ರ ಇವರದು. ಸಾಲದ್ದಕ್ಕೆ ‘ಪೆನುಗೊಂಡ ಚಕ್ರೇಶ್ವರ’ ಎಂಬ ಬಿರುದು ಬೇರೆ. ಪೆನುಗೊಂಡೆ ಎಂದರೆ ವಿಜಯನಗರದ ಎರಡನೇ ಮನೆ ಇದ್ದ ಹಾಗೆ. ಅದರ ಯಜಮಾನಿಕೆಯನ್ನು ನಮ್ಮೂರಿನವರು ಇಲ್ಲಿ ಕೂತು ಬಿರುದಿನಲ್ಲಿ ಹಾಕಿಕೊಂಡಿದ್ದರು. ಪಕ್ಕದೂರಿನ ಜಮೀನಿಗೆ ತಮ್ಮ ಹೆಸರಿನ ಬೋರ್ಡು ನೆಡುವ ಚಟ ನಮ್ಮ ಕಡೆ ಇವತ್ತಿನದಲ್ಲ.

ಕೃಷ್ಣದೇವರಾಯನ ಅಣ್ಣ ವೀರನರಸಿಂಹ ಉಮ್ಮತ್ತೂರಿಗೆ ಮುತ್ತಿಗೆ ಹಾಕಿ, ಏನೂ ಗಿಟ್ಟದೆ ವಾಪಸು ಹೋದ. ಮಕ್ಕಳ ಪುಸ್ತಕದಲ್ಲಿ ಇದು ಇರುವುದಿಲ್ಲ. ನಾವು ಸೋತರೆ ಒಂದು ಸಾಲು, ಗೆದ್ದರೆ ಅದೂ ಇಲ್ಲ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ 1510ರಿಂದ 1512ರ ನಡುವೆ ದಂಡು ಕಟ್ಟಿಕೊಂಡು ಬಂದು ಗೆದ್ದ. ಶಿವನಸಮುದ್ರದ ಕೋಟೆ ಬಿತ್ತು. ಗಂಗರಾಜ ತಪ್ಪಿಸಿಕೊಂಡು ಓಡುವಾಗ ಕಾವೇರಿಯಲ್ಲಿ ಮುಳುಗಿದ. ಕಾವೇರಿ ವಿವಾದದಲ್ಲಿ ನಮ್ಮ ಕಡೆಯಿಂದ ಜೀವ ಕೊಟ್ಟ ಮೊದಲಿಗನೆಂದು ಅವನಿಗೊಂದು ಪ್ರತಿಮೆ ನಿಲ್ಲಿಸಬಹುದಿತ್ತು, ಯಾವ ಸಂಘಟನೆಗೂ ಹೊಳೆದಿಲ್ಲ.

ಗೆದ್ದದ್ದು ಸರಿ. ಆದರೆ ‘ದಂಗೆಕೋರ’ ಎಂಬ ಪದವನ್ನು ವಿಜಯನಗರದ ಮನೆಯವರು ಯಾವ ಬಾಯಲ್ಲಿ ಹೇಳಿದರು ಎನ್ನುವುದು ನನ್ನ ತಕರಾರು. 1485ರಲ್ಲಿ ಸಾಳುವ ನರಸಿಂಹ ಸಂಗಮರನ್ನು ಸಿಂಹಾಸನದಿಂದ ಇಳಿಸಿ ತಾನು ಕೂತ. ಅವನ ಮಗ ಇಮ್ಮಡಿ ನರಸಿಂಹನನ್ನು ನೋಡಿಕೊಳ್ಳಲು ನಿಂತ ತುಳುವ ನರಸ ನಾಯಕ ಎಷ್ಟು ಚೆನ್ನಾಗಿ ನೋಡಿಕೊಂಡನೆಂದರೆ ಹುಡುಗ ಪೆನುಗೊಂಡೆಯಿಂದ ಹೊರಗೆ ಬರಲೇ ಇಲ್ಲ. 1505ರಲ್ಲಿ ಅಲ್ಲೇ ಕೊಲೆಯಾದ. ನರಸ ನಾಯಕನ ಮಗ ವೀರನರಸಿಂಹ ಪಟ್ಟವೇರಿದ, ಅವನ ಹಿಂದೆ ತಮ್ಮ ಕೃಷ್ಣದೇವರಾಯ. ಒಳಗಿನವರು ಮಾಡಿದರೆ ರಾಜವಂಶ ಬದಲಾವಣೆ, ಉಮ್ಮತ್ತೂರಿನವರು ಮಾಡಿದರೆ ದಂಗೆ. ಈ ವ್ಯಾಕರಣ ಬೆಂಗಳೂರಿನ ರೆಸಾರ್ಟುಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಒಂದು ಸಮಾಧಾನವಿದೆ. ಕೃಷ್ಣದೇವರಾಯ ಬಂದು ಹೋದ ಮೇಲೆ ಅಧಿಕಾರದಲ್ಲಿದ್ದವರು ನಮ್ಮ ಜಿಲ್ಲೆಗೆ ಧೈರ್ಯವಾಗಿ ಬಂದದ್ದೇ ಅಪರೂಪ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ನಂಬಿಕೆಗೆ ಹೆದರಿ ದೊಡ್ಡ ದೊಡ್ಡವರೇ ದೂರ ಉಳಿದರು. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಜೆ. ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದೂ ಮಹದೇಶ್ವರ ಬೆಟ್ಟದ ಮೇಲೆ ನಿಂತು. ಇದೆಲ್ಲ ಗಂಗರಾಜನ ಶಾಪ ಎಂದು ನಾನು ಹುಡುಗಿಗೆ ಹೇಳಿದೆ. ಇತಿಹಾಸಕಾರರು ಒಪ್ಪದಿರಬಹುದು, ಅವಳು ಒಪ್ಪಿದಳು.

ಹುಡುಗಿಗೆ ಇನ್ನೊಂದು ಕುತೂಹಲ. ‘ಕೃಷ್ಣದೇವರಾಯ ಸ್ವರ್ಗಸ್ಥನಾದನು’ ಅಂತ ಕೊನೆಯ ಪುಟದಲ್ಲಿದೆ, ಗಂಗರಾಜ ಮಾತ್ರ ಬರೀ ‘ಸತ್ತನು’. ಈ ಪುಸ್ತಕಗಳಲ್ಲಿ ಯಾರು ದೊಡ್ಡವರು ಎಂದು ತಿಳಿಯಲು ಇಡೀ ಪುಸ್ತಕ ಓದಬೇಕಿಲ್ಲ. ಸಾವಿನ ಕ್ರಿಯಾಪದ ನೋಡಿದರೆ ಸಾಕು. ಋಷಿಗಳು ಲೀನರಾಗುತ್ತಾರೆ, ಸಾಹಿತಿಗಳು ಅಸ್ತಂಗತರಾಗುತ್ತಾರೆ, ನಾಯಕರು ನಾಡನ್ನು ಅಗಲುತ್ತಾರೆ, ಮಧ್ಯಮ ದರ್ಜೆಯ ಸಜ್ಜನರು ನಿಧನರಾಗುತ್ತಾರೆ. ಸಾಯುವುದು ಶತ್ರುಗಳು ಮತ್ತು ಕುದುರೆಗಳು.

ಹುಟ್ಟಿನಲ್ಲಿ ಈ ಭೇದವಿಲ್ಲ, ಎಲ್ಲ ಮಹಾಪುರುಷರೂ ಒಂದೇ ಹೆರಿಗೆ ವಾರ್ಡಿನಲ್ಲಿ ಹುಟ್ಟಿದವರು. ತಾಯಿ ದೈವಭಕ್ತೆ, ತಂದೆ ಶಿಸ್ತಿನ ಮನುಷ್ಯ, ಮಗು ಕುಶಾಗ್ರಮತಿ. ಬಡತನ ಕಡ್ಡಾಯ. ರಾಜಮನೆತನದಲ್ಲಿ ಹುಟ್ಟಿ ಬಡತನಕ್ಕೆ ಅವಕಾಶವಿಲ್ಲದ ದುರದೃಷ್ಟವಂತರು ಸರಳತೆಯನ್ನಾದರೂ ತೋರಿಸಬೇಕು. ಲೆಕ್ಕದಲ್ಲಿ ನಪಾಸಾದವರು, ಮೂಗು ಸೋರಿಸಿಕೊಂಡವರು, ಪಕ್ಕದ ಮನೆ ಸೀಬೆಮರ ಹತ್ತಿದವರು ಯಾರೂ ಮುಂದೆ ಬಂದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಗಾದೆಯನ್ನು ನಂಬಿ ನನ್ನಂಥವರು ನಾಲ್ಕನೇ ಕ್ಲಾಸಿನಲ್ಲೇ ಭವಿಷ್ಯದ ಆಸೆ ಬಿಟ್ಟೆವು.

ಆಮೇಲೆ ಬೀದಿದೀಪ. ವಿಶ್ವೇಶ್ವರಯ್ಯನವರು ಬೀದಿದೀಪದಲ್ಲಿ ಓದಿದರು, ಕಲ್ಕತ್ತೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರೂ ಬೀದಿದೀಪದಲ್ಲೇ ಓದಿದರು, ಅಮೆರಿಕದ ಲಿಂಕನ್ನನಿಗೆ ಬೀದಿಯೇ ಇರಲಿಲ್ಲವಾಗಿ ಒಲೆಯ ಬೆಳಕು. ಸರ್ಕಾರಿ ಮೇಣದಬತ್ತಿಯ ಕಥೆ ಇನ್ನೂ ಚೆನ್ನ. ಕಚೇರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಮಾತಿಗೆ ಸ್ವಂತ ಬತ್ತಿ. ಇದನ್ನು ನಮ್ಮಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಹೇಳುತ್ತಾರೆ. ಬತ್ತಿಯ ಬದಲು ಎಣ್ಣೆ ದೀಪವಿಟ್ಟು ಚಾಣಕ್ಯನ ಬಗ್ಗೆ ಹೇಳುತ್ತಾರೆ. ಎಂಟನೇ ಶತಮಾನದ ಖಲೀಫ ಎರಡನೇ ಉಮರ್ ಬಗ್ಗೆಯೂ ಇದೇ ಕಥೆ ಇದೆ. ಸಾವಿರಾರು ವರ್ಷದಿಂದ ದೀಪ ಒಂದೇ, ಊದಿ ಆರಿಸಿದ ಬಾಯಿಗಳು ಬೇರೆ ಬೇರೆ. ನಮ್ಮ ಈಗಿನ ಅಧಿಕಾರಿಗಳಿಗೆ ಈ ಕಥೆ ಅಂಟದಿರಲು ಕರೆಂಟು ಬಂದದ್ದೇ ಕಾರಣವಿರಬೇಕು.

ಈ ಕಸುಬಿನ ಮೂಲಪುರುಷನೆಂದು ನಾನು ಅಮೆರಿಕದ ಪಾದ್ರಿ ಮೇಸನ್ ಲಾಕ್ ವೀಮ್ಸನಿಗೆ ಕೈಮುಗಿಯುತ್ತೇನೆ. ಜಾರ್ಜ್ ವಾಷಿಂಗ್ಟನ್ 1799ರಲ್ಲಿ ತೀರಿಕೊಂಡ. ಚೆರ್ರಿ ಗಿಡ ಕಡಿದು ಅಪ್ಪನಿಗೆ ನಿಜ ಹೇಳಿದ ಕಥೆಯನ್ನು ವೀಮ್ಸ್ ಸೇರಿಸಿದ್ದು ಪುಸ್ತಕದ 1806ರ ಮುದ್ರಣದಲ್ಲಿ. ಮೊದಲ ಮುದ್ರಣಗಳಲ್ಲಿ ಆ ಗಿಡವೇ ಇರಲಿಲ್ಲ. ಹುಡುಗ ದೊಡ್ಡವನಾಗಿ, ಅಧ್ಯಕ್ಷನಾಗಿ, ಸತ್ತು, ಸಮಾಧಿಯಾಗಿ ಆರೇಳು ವರ್ಷ ಕಳೆದ ಮೇಲೆ ಮೊಳೆತ ಗಿಡ ಅದು.

ಹಾಗೆಂದು ನಾನು ಈ ಪುಸ್ತಕಗಳ ಋಣ ತಿನ್ನದವನಲ್ಲ. ಎಲ್. ಎಸ್. ಶೇಷಗಿರಿರಾಯರು ಸಂಪಾದಿಸಿದ, ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ ಪುಟಾಣಿ ಪುಸ್ತಕಗಳು ಐನೂರಕ್ಕೂ ಹೆಚ್ಚು ಬಂದವು. ಚಡ್ಡಿ ಜೇಬಿನಲ್ಲಿ ಹಿಡಿಸುವ ಗಾತ್ರ. ಬಸ್ಸು ದಿನಕ್ಕೆರಡೇ ಬರುವ ಊರಿನಲ್ಲಿ ಪ್ರಪಂಚವೆಂದರೆ ಆ ಜೇಬೇ ಆಗಿತ್ತು. ಹಸಿದವನಿಗೆ ಅನ್ನ ಹಾಕಿದವರ ಉಪ್ಪು ಖಾರ ಎತ್ತಿ ಆಡಬಾರದು, ನಿಜ. ಆದರೆ ಅವೇ ಸಾಲುಗಳನ್ನು ಇವತ್ತಿನ ಪುಸ್ತಕಗಳೂ ಮಕ್ಕಳೂ ಕಾಪಿ ಹೊಡೆಯುತ್ತಿರುವಾಗ ಒಂದು ಕಲ್ಲಾದರೂ ಆರಿಸಿ ಬದಿಗಿಡಬೇಕಲ್ಲ.

ಉದಾಹರಣೆಗೆ, ವಿಶ್ವೇಶ್ವರಯ್ಯನವರು 1918ರಲ್ಲಿ ತತ್ತ್ವಕ್ಕಾಗಿ ದಿವಾನಗಿರಿ ಬಿಟ್ಟರು ಎಂದು ಪ್ರತಿ ಮಕ್ಕಳ ಪುಸ್ತಕವೂ ಹೆಮ್ಮೆಪಡುತ್ತದೆ. ಯಾವ ತತ್ತ್ವ ಎಂದು ಕೇಳಬೇಡಿ. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ ಕಾಲ ಅದು. ದಿವಾನರಿಗೆ ಅದು ಹಿಡಿಸಲಿಲ್ಲ. ರಾಜೀನಾಮೆಗೆ ಅದೊಂದು ಮುಖ್ಯ ಕಾರಣ. ಇದನ್ನು ಬರೆದರೆ ವಿಶ್ವೇಶ್ವರಯ್ಯನವರು ಕಟ್ಟಿಸಿದ ಅಣೆಕಟ್ಟೆಯಲ್ಲಿ ಒಂದು ಬಿರುಕೂ ಬಿಡುವುದಿಲ್ಲ. ಇಬ್ಬರು ದೊಡ್ಡವರು ಒಂದು ದೊಡ್ಡ ವಿಷಯಕ್ಕೆ ಜಗಳವಾಡಿದರು ಎಂದು ಮಕ್ಕಳಿಗೆ ತಿಳಿಯುತ್ತದೆ, ಅಷ್ಟೇ. ಆದರೆ ಮಹಾಪುರುಷರು ಪರಸ್ಪರ ಜಗಳವಾಡಿದರೆ ಫ್ಯಾನ್ಸಿ ಡ್ರೆಸ್ಸಿನಲ್ಲಿ ಇಬ್ಬರನ್ನೂ ಒಂದೇ ವೇದಿಕೆಗೆ ಹತ್ತಿಸುವುದು ಹೇಗೆ? ಪೇಟ ಒಂದೇ ಇದೆ.

ಲಾಯಿತಪ್ಪನ ಕೈಚಳಕ ನೋಡಬೇಕೆಂದರೆ ಅಂಬೇಡ್ಕರರ ಬಾಲ್ಯಕ್ಕೆ ಬರಬೇಕು. ‘ಭೀಮರಾಯನಿಗೆ ನೀರು ನಿರಾಕರಿಸಲಾಯಿತು’, ‘ಗೋಣಿಚೀಲದ ಮೇಲೆ ಕೂರಿಸಲಾಯಿತು’, ‘ಆದರೂ ಛಲ ಬಿಡದೆ ಓದಿದರು’. ಮೂರು ಸಾಲು, ಒಬ್ಬನೇ ಒಬ್ಬ ಮನುಷ್ಯ ಸಿಕ್ಕಿಬಿದ್ದಿಲ್ಲ. ಅಂಬೇಡ್ಕರರೇ ತಮ್ಮ ಕೈಯಾರೆ ಬರೆದಿಟ್ಟ ನೆನಪುಗಳಲ್ಲಿ ಹೀಗಿಲ್ಲ. 1901ರಲ್ಲಿ ಸಾತಾರದಿಂದ ಗೋರೆಗಾಂವಿಗೆ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಜಾತಿ ಕೇಳಿದ ಮೇಲೆ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಎರಡು ಪಟ್ಟು ಬಾಡಿಗೆಗೆ ಒಪ್ಪಿದ ಗಾಡಿಯವನು ಗಾಡಿಯನ್ನು ಮಕ್ಕಳ ಕೈಗೇ ಕೊಟ್ಟು ತಾನು ಪಕ್ಕದಲ್ಲಿ ನಡೆಯುತ್ತಾನೆ. ಶಾಲೆಯಲ್ಲಿ ಜವಾನ ಬಂದು ಎತ್ತಿ ಸುರಿದರೆ ನೀರು, ಜವಾನನಿಲ್ಲದ ದಿನ ಬಾಯಾರಿಕೆ. ಎಲ್ಲ ಕರ್ತೃಗಳೂ ವೃತ್ತಿಸಮೇತ ಅಲ್ಲಿದ್ದಾರೆ. ಒಂಬತ್ತು ಹತ್ತು ವರ್ಷದ ಹುಡುಗ ನೋಡಿ ನೆನಪಿಟ್ಟುಕೊಂಡದ್ದನ್ನು, ಅದೇ ವಯಸ್ಸಿನ ನಮ್ಮ ಮಕ್ಕಳು ಓದಿದರೆ ಮನಸ್ಸು ನೊಂದೀತು ಎಂದು ಸಂಪಾದಕರಿಗೆ ಕಳವಳ. ಯಾರ ಮಕ್ಕಳ ಮನಸ್ಸು ಎಂದು ಅವರೂ ಹೇಳುವುದಿಲ್ಲ. ಕಳವಳಪಡಲಾಯಿತು.

ಕೃಷ್ಣದೇವರಾಯನ ಮಂತ್ರಿ ತಿಮ್ಮರಸುವಿನದೂ ಇದೇ ಗತಿ. ವೀರನರಸಿಂಹ ತಮ್ಮನ ಕಣ್ಣು ಕೀಳಿಸಲು ಹೇಳಿದಾಗ ತಿಮ್ಮರಸು ಆಡಿನ ಕಣ್ಣು ತೋರಿಸಿ ಕೃಷ್ಣದೇವರಾಯನನ್ನು ಉಳಿಸಿದ ಕಥೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದು. ಮಕ್ಕಳ ಪುಸ್ತಕದಲ್ಲಿ ಅದಕ್ಕೊಂದು ಬಣ್ಣದ ಚಿತ್ರವೂ ಇರುತ್ತದೆ. ಅದೇ ನೂನಿಜ್ ಮುಂದೆ ಬರೆಯುತ್ತಾನೆ: ರಾಜಕುಮಾರನಿಗೆ ವಿಷವಿಟ್ಟನೆಂಬ ಆರೋಪದ ಮೇಲೆ ಅದೇ ಕೃಷ್ಣದೇವರಾಯ ಅದೇ ತಿಮ್ಮರಸುವನ್ನು ಸೆರೆಗೆ ಹಾಕಿ ಕಣ್ಣು ಕೀಳಿಸಿದ. ಮೊದಲ ಕಥೆಗೆ ಸಾಕ್ಷಿಯಾದ ನೂನಿಜ್ ಎರಡನೆಯದರ ಹೊತ್ತಿಗೆ ಸುಳ್ಳುಬುರುಕ ವಿದೇಶಿಯಾಗುತ್ತಾನೆ, ಇಲ್ಲವೇ ಲಾಯಿತಪ್ಪನಿಗೆ ಕರೆ ಹೋಗುತ್ತದೆ. 1970ರ ಸಿನಿಮಾದಲ್ಲಿ ಬಿ. ಆರ್. ಪಂತುಲು ತಿಮ್ಮರಸು, ರಾಜ್‌ಕುಮಾರ್ ಕೃಷ್ಣದೇವರಾಯ. ರಾಜ್‌ಕುಮಾರರ ಗಾಜನೂರು ನಮ್ಮ ಗಡಿಯಾಚೆ, ತಾಳವಾಡಿ ಪಕ್ಕ. ಅಂದರೆ ನಮ್ಮ ಕಡೆಯ ಹುಡುಗನೇ ನಮ್ಮೂರನ್ನು ಸೋಲಿಸಿದವನ ಕಿರೀಟ ಇಟ್ಟುಕೊಂಡ. ನಾವು ಟೆಂಟಿನಲ್ಲಿ ಕೂತು ಶಿಳ್ಳೆ ಹೊಡೆದೆವು. ಗಂಗರಾಜನ ಪಾರ್ಟು ಯಾರಾದರೂ ಕೊಟ್ಟಿದ್ದರೂ ರಾಜಣ್ಣ ಅದಕ್ಕೆ ಹಾಡುಗಳೆಲ್ಲಿ ಎಂದು ಕೇಳುತ್ತಿದ್ದರೇನೋ.

ಮಕ್ಕಳಿಗೆ ಕಷ್ಟದ ವಿಷಯ ಹೇಳಬಾರದು ಎಂಬ ನಿಯಮ ನಮ್ಮ ಸೀಮೆಯಲ್ಲಿ ಯಾವಾಗ ಬಂತೋ ಗೊತ್ತಿಲ್ಲ. ಕಂಸಾಳೆಯವರು ಬಂದು ಕೂತರೆ ರಾತ್ರಿಯಿಡೀ ಮಾದಪ್ಪನ ಕಥೆ. ನಾವು ಮಕ್ಕಳು ಅಜ್ಜಿಯ ಸೆರಗಿನೊಳಗೆ ಕೂತು ಕೇಳುತ್ತಿದ್ದೆವು, ‘ಇದು ದೊಡ್ಡೋರ್ದು, ಮನೀಕೊ ಹೋಗು’ ಎಂದು ಯಾರೂ ಅಟ್ಟಲಿಲ್ಲ. ಕಾಡಿಗೆ ಜೇನಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ಮೇಲೆ ಅನುಮಾನ ಪಡುತ್ತಾನೆ, ಭಾಷೆ ಕೊಡು ಎಂದು ಹಿಂಸೆ ಕೊಡುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟವನು ನೀಲೇಗೌಡನೇ, ‘ಹಿಂಸಿಸಲಾಯಿತು’ ಅಲ್ಲ. ನೀಲಗಾರರು ಹಾಡುವ ಸಿದ್ದಪ್ಪಾಜಿಯ ಕಥೆಯೂ ಹಾಗೆಯೇ. ಹಲಗೂರಿನ ಪಾಂಚಾಳರು ಕಬ್ಬಿಣ ಕೊಡಲಿಲ್ಲ, ಕಾಟ ಕೊಟ್ಟರು ಎಂದು ಊರ ಹೆಸರು, ಕುಲದ ಹೆಸರು ಎರಡನ್ನೂ ಹಿಡಿದು ಹಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಸಾವಿರಾರು ಜನ ಕೇಳುತ್ತಾರೆ. ಇನ್ನು ಮಾದಪ್ಪ? ಅವನು ಶ್ರವಣದೊರೆಯನ್ನು ಕೊಂದದ್ದು ಅರಗಿನ ಪಾವುಗೆ ತೊಡಿಸಿ, ಮೋಸದಿಂದ. ದೇವರಿಗೂ ಆ ಹಾಡಿನಲ್ಲಿ ರಿಯಾಯಿತಿ ಇಲ್ಲ. ಬೆಳಗಾಗುವ ಹೊತ್ತಿಗೆ ನಾವು ಆ ದೇವರಿಗೇ ಕೈಮುಗಿದು ‘ಉಘೇ’ ಅನ್ನುತ್ತಿದ್ದೆವು. ಭಕ್ತಿಗೇನೂ ಕೊರತೆಯಾಗಲಿಲ್ಲ.

ಗಂಗರಾಜನ ಮನೆತನದ್ದೇ ಒಂದು ಕಥೆ ಶಿವನಸಮುದ್ರದಲ್ಲಿ ಉಳಿದಿದೆ. ನಂದಿರಾಜನೆಂಬವನು ತಪ್ಪೊಂದರ ಪ್ರಾಯಶ್ಚಿತ್ತಕ್ಕೆ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಹೆಂಡತಿಯನ್ನು ಕೂರಿಸಿಕೊಂಡು ಗಗನಚುಕ್ಕಿಗೆ ಹಾರಿದನಂತೆ. ಯಾವ ಮಕ್ಕಳ ಪುಸ್ತಕದ ಚಿತ್ರಕಾರನಿಗೂ ಕೈ ತುರಿಸುವ ದೃಶ್ಯ ಇದು. ಈ ಕಥೆ ಹೇಳಿದಾಗ ಹುಡುಗಿ ಕೇಳಿದ್ದು ಒಂದೇ ಮಾತು: ‘ತಪ್ಪು ಮಾಡಿದ್ದು ಅಂವ, ಹೆಂಡ್ತೀನೂ ಕುದುರೇನೂ ಯಾಕ ಕರ್ಕಂಡೋದ?’ ಜೀವನಚರಿತ್ರೆಕಾರರು ಇನ್ನೂ ಉತ್ತರ ಬರೆದಿಲ್ಲ.

ನಮ್ಮ ಗುಂಡ್ಲುಪೇಟೆಯ ಹೆಸರನ್ನು ತಲೆಯ ಮೇಲೆ ಹೊತ್ತ ಒಬ್ಬರು ಮಕ್ಕಳ ಬರಹಕ್ಕೆ ದೊಡ್ಡ ಮೇಷ್ಟ್ರಾಗಿದ್ದರು, ಜಿ. ಪಿ. ರಾಜರತ್ನಂ. ಹುಟ್ಟಿದ್ದು ರಾಮನಗರದಲ್ಲಿ, ಆದರೆ ಆ ಜಿ. ಪಿ. ಎಂದರೆ ಗುಂಡ್ಲು ಪಂಡಿತ. ಮಕ್ಕಳಿಗೆ ತುತ್ತೂರಿ ಕೊಟ್ಟ ಕೈಯಲ್ಲೇ ದೊಡ್ಡವರಿಗೆ ಯೆಂಡ್ಕುಡ್ಕ ರತ್ನನನ್ನು ಕೊಟ್ಟರು, ಅದೇ ಕೈಯಲ್ಲಿ ಪಾಳಿಯಿಂದ ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದರು. ಒಬ್ಬ ಮನುಷ್ಯನೊಳಗೆ ಮಗು, ಕುಡುಕ, ಭಿಕ್ಷು ಮೂವರೂ ಜಗಳವಿಲ್ಲದೆ ಸಂಸಾರ ಮಾಡಿದರು. ಈಗ ಅವರ ಜೀವನಚರಿತ್ರೆಯನ್ನು ಮಕ್ಕಳಿಗೆ ಬರೆಯಲು ಕೂತವರು ಮಧ್ಯದವನನ್ನು ಹಿತ್ತಲ ಬಾಗಿಲಿನಿಂದ ಕಳಿಸಿಬಿಡುತ್ತಾರೆ. ಅವನು ಹೋಗುವುದಾದರೆ ತುತ್ತೂರಿಯೂ ಊದಲಾರದು ಎಂದು ಅವರಿಗೆ ಯಾರು ಹೇಳಬೇಕು?

ಉಮ್ಮತ್ತೂರಿನ ಗುಡ್ಡದ ಕಡೆ ಹೋದರೆ ಈಗಲೂ ಕೃಷ್ಣಮೃಗಗಳು ಕಾಣುತ್ತವೆ. ಅವುಗಳಿಗೆ ಸಂರಕ್ಷಿತ ಪ್ರದೇಶದ ರಕ್ಷಣೆ ಇದೆ. ನಮ್ಮೂರಿನಲ್ಲಿ ಕೃಷ್ಣ ಎಂಬ ಹೆಸರಿದ್ದವರಿಗೆ ಮೊದಲಿಂದಲೂ ಅನುಕೂಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ವಾರ ಶಾಲೆಯಲ್ಲಿ ‘ನನ್ನ ಮೆಚ್ಚಿನ ಮಹಾಪುರುಷ’ ಎಂದು ಹತ್ತು ವಾಕ್ಯ ಬರೆದು ತರಲು ಹೇಳಿದರು. ಹುಡುಗಿ ಕೂತು ಗಂಗರಾಜನ ಮೇಲೆ ಬರೆದಳು. ‘ಗಂಗರಾಜ ನಮ್ಮ ಊರಿನವನು. ಅವನು ಬೇರೆಯವರ ಊರಿನ ಹೆಸರನ್ನು ತನ್ನ ಬಿರುದಿನಲ್ಲಿ ಇಟ್ಟುಕೊಂಡಿದ್ದನು. ಅದು ತಪ್ಪು. ಅವನಿಗೆ ಈಜು ಬರುತ್ತಿರಲಿಲ್ಲ ಎಂದು ಕಾಣುತ್ತದೆ.’ ಇಷ್ಟು ಪ್ರಾಮಾಣಿಕವಾದ ಜೀವನಚರಿತ್ರೆಯನ್ನು ನಾನು ಕನ್ನಡದಲ್ಲಿ ಓದಿದ್ದು ಕಡಿಮೆ. ಪುಸ್ತಕ ವಾಪಸು ಬಂತು. ಅಡ್ಡಗೆರೆಯ ಕೆಳಗೆ ಕೆಂಪು ಶಾಯಿಯಲ್ಲಿ: ‘ಇವನು ಮಹಾಪುರುಷನಲ್ಲ. ಬೇರೆ ಬರೆದು ತರುವುದು.’

ಅವಳು ಅಳಲಿಲ್ಲ. ಅಂಗೈ ಅಗಲದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೃಷ್ಣದೇವರಾಯನ ಮೇಲೆ ಒಂಬತ್ತು ವಾಕ್ಯ ನೋಡಿ ಬರೆದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಹತ್ತನೆಯದನ್ನು ಪುಸ್ತಕ ಮುಚ್ಚಿ, ಪೆನ್ಸಿಲ್ ಕಚ್ಚಿ, ಸ್ವಂತವಾಗಿ ಬರೆದಳು: ‘ಈ ಪ್ರಬಂಧವನ್ನು ನನ್ನಿಂದ ಬರೆಸಲಾಯಿತು.’

ಸಂಜೆ ಪುಸ್ತಕ ತೋರಿಸಿದಳು. ಹತ್ತೂ ವಾಕ್ಯಗಳಿಗೆ ಸರಿ ಗುರುತು, ಕೆಳಗೆ ಕೆಂಪು ಶಾಯಿಯಲ್ಲಿ: ‘ವೆರಿ ಗುಡ್. ಭಾಷೆ ಶುದ್ಧವಾಗಿದೆ.’